ಜರ್ಮನ್ ಮಿನಿಮಲ್ ಟೆಕ್ನೋ: ಎಲ್ಲಿಂದ ಶುರು ಮಾಡೋದು, ಯಾವುದರಲ್ಲಿ ಕೇಳೋದು?

ಹಳೆಕೇಬಲ್ ಕೇಳಿದ್ದು:

ಆ್ಯಪ್‌ನಲ್ಲಿ "ಮಿನಿಮಲ್ ಟೆಕ್ನೋ" ಅಂತ ಹುಡುಕಿದರೆ ಬರೋದೆಲ್ಲ ಪಾರ್ಟಿ ಮಾಲು. ನಡುನಡುವೆ ಡ್ರಾಪ್, ಯಾರೋ ಪಿಸುಗುಟ್ಟೋ ದನಿ, ಮೂರು ನಿಮಿಷಕ್ಕೆ ಮಂಗಳ. ಹುಡುಕ್ತಿರೋದು ಅದಲ್ಲ. ಹತ್ತು ನಿಮಿಷ ಒಂದೇ ಕಿಕ್ (ಡ್ರಮ್ಮಿನ ಗುಮ್ ಪೆಟ್ಟು), ಹಿಂದೆ ಮಂಜು ಕವಿದ ಹಾಗೆ ಒಂದೇ ಒಂದು ಕಾರ್ಡ್ (ಒಟ್ಟಿಗೆ ನುಡಿಸಿದ ಕೆಲವು ಸ್ವರ), ಹಾಡೂ ಇಲ್ಲ, ಪಲ್ಲವಿಯೂ ಇಲ್ಲ, ತಣ್ಣಗೆ ಕೊರೆಯೋ ಥರದ್ದು. ಬರ್ಲಿನ್ ಕಡೆಯದು ಅನ್ನೋದಷ್ಟೇ ಗೊತ್ತು.

ಯಾವುದರಿಂದ ಶುರು ಮಾಡಲಿ? ಲ್ಯಾಪ್‌ಟಾಪ್ ಸ್ಪೀಕರಲ್ಲಿ ಬರೀ ಟಿಕ್ ಟಿಕ್ ಕೇಳುತ್ತೆ, ಅದು ಸಂಗೀತದ ದೋಷವೋ ಸ್ಪೀಕರ್ ದೋಷವೋ? ಇರೋದು ವೈರ್ ಇಯರ್‌ಫೋನು, 4 ಇಂಚಿನ ಒಂದು ಜೊತೆ ಸ್ಪೀಕರು, 10 ಅಡಿಗೆ 12 ಅಡಿ ರೂಮು. ಆಮೇಲೆ, ಆ ಮಂಜಿನಂಥ ಸದ್ದನ್ನ ಮಾಡೋದು ಹೇಗೆ ಅಂತಲೂ ಯಾರಾದರೂ ಹೇಳಿ.

ಹದಿನಾರನೇಮಾತ್ರೆ:

ಹುಡುಕೋ ಪದ ಬದಲಾಯಿಸಿ, ಅರ್ಧ ಕೆಲಸ ಮುಗೀತು. "ಮಿನಿಮಲ್" ಅಂತ ಹಾಕಿದರೆ 2005ರ ಆಸುಪಾಸಿನ ಕ್ಲಬ್ ಮಾಲು ಬರುತ್ತೆ. ನಿಮಗೆ ಬೇಕಾದ್ದು "ಡಬ್ ಟೆಕ್ನೋ", ಅಂದರೆ ಪ್ರತಿಧ್ವನಿಯೇ ಮುಖ್ಯವಾದ ಟೆಕ್ನೋ. ಅದಕ್ಕಿಂತ ಒಳ್ಳೇದು ಲೇಬಲ್ (ರೆಕಾರ್ಡ್ ಹೊರತರೋ ಸಂಸ್ಥೆ) ಹೆಸರು ಹಿಡಿದು ಹೋಗೋದು. ಈ ಸಂಗೀತದಲ್ಲಿ ಲೇಬಲ್ಲೇ ವಿಳಾಸ, ಯಾಕಂದ್ರೆ ಒಬ್ಬನೇ ಮನುಷ್ಯ ನಾಲ್ಕೈದು ಹೆಸರಲ್ಲಿ ರೆಕಾರ್ಡು ತಂದಿರ್ತಾನೆ.

ಬರ್ಲಿನ್‌ನ ಬೇಸಿಕ್ ಚಾನೆಲ್‌ನಿಂದ ಶುರು ಮಾಡಿ. ಮೊರಿಟ್ಸ್ ಫಾನ್ ಓಸ್ವಾಲ್ಡ್, ಮಾರ್ಕ್ ಎರ್ನೆಸ್ಟಸ್ ಇಬ್ಬರೇ ಸೇರಿ 1993ರಲ್ಲಿ ಹುಟ್ಟುಹಾಕಿದ್ದು. ಎರ್ನೆಸ್ಟಸ್ 1989ರಲ್ಲೇ ಹಾರ್ಡ್ ವ್ಯಾಕ್ಸ್ ಅನ್ನೋ ರೆಕಾರ್ಡ್ ಅಂಗಡಿ ತೆರೆದಿದ್ದರು, ಡೆಟ್ರಾಯಿಟ್ ಟೆಕ್ನೋ ಬರ್ಲಿನ್‌ಗೆ ಇಳಿದದ್ದು ಹೆಚ್ಚಾಗಿ ಆ ಅಂಗಡಿಯ ಮೂಲಕ. ಬೇಸಿಕ್ ಚಾನೆಲ್ ತಂದದ್ದು ಬೆರಳೆಣಿಕೆಯ ಹನ್ನೆರಡಿಂಚು ರೆಕಾರ್ಡು, ಅವುಗಳಿಂದ ಆಯ್ದು ಚಿಕ್ಕದು ಮಾಡಿದ "ಬಿಸಿಡಿ" ಅನ್ನೋ ಸಿಡಿ 1995ರಲ್ಲಿ ಬಂತು. ಮೊದಲ ದಿನ ಅದರಲ್ಲಿರೋ "ಕ್ವಾಡ್ರಂಟ್ ಡಬ್" ಒಂದನ್ನೇ ಕೇಳಿ. ಆಮೇಲೆ ಅದೇ ಇಬ್ಬರು ಮೌರಿಝಿಯೋ ಹೆಸರಲ್ಲಿ ತಂದ ಎಂ ಸರಣಿ. ಅಲ್ಲಿ ಕಿಕ್ ಸ್ವಲ್ಪ ದುಂಡಗೆ, ಮನೆಯಲ್ಲಿ ಕೇಳೋಕೆ ಹಿತ.

ಅಲ್ಲಿಂದ ಅವರದೇ ಚೈನ್ ರಿಯಾಕ್ಷನ್ ಲೇಬಲ್ಲು. ಪೋರ್ಟರ್ ರಿಕ್ಸ್ ಅವರ "ಬಯೋಕಿನೆಟಿಕ್ಸ್" (1996), ಮೋನೋಲೇಕ್ ಅವರ "ಹಾಂಗ್‌ಕಾಂಗ್" (1997). ಈ ಮೋನೋಲೇಕ್‌ನ ಗೆರ್ಹಾರ್ಡ್ ಬೇಲೆಸ್ ಮುಂದೆ ಏಬಲ್‌ಟನ್ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಇವತ್ತು ಅರ್ಧ ಜಗತ್ತು ಲೂಪು ಜೋಡಿಸೋ ಲೈವ್ ಸಾಫ್ಟ್‌ವೇರ್ 2001ರಲ್ಲಿ ಬಂದದ್ದು ಈ ಗುಂಪಿನ ಪಕ್ಕದಿಂದಲೇ.

ಕಲೋನ್ ಊರಿನದು ಇನ್ನೊಂದು ಮನೆತನ. ವೋಲ್ಫ್‌ಗಾಂಗ್ ಫೋಯ್ಟ್ ಅವರ ಸ್ಟುಡಿಯೋ 1 ಸರಣಿಯಲ್ಲಿ ಟ್ರ್ಯಾಕ್‌ಗಳಿಗೆ ಹೆಸರೇ ಇಲ್ಲ, ರೆಕಾರ್ಡಿಗೊಂದು ಬಣ್ಣ ಅಷ್ಟೆ. ಕಿಕ್ಕು, ಒಂದು ಟಿಕ್ಕು, ಒಂದು ಬಾಸ್ ಸ್ವರ, ಮುಗೀತು. ಅದೇ ಮನುಷ್ಯ ಗ್ಯಾಸ್ ಅನ್ನೋ ಹೆಸರಲ್ಲಿ ಆರ್ಕೆಸ್ಟ್ರಾ ತುಣುಕುಗಳನ್ನ ಗುರುತು ಸಿಗದ ಹಾಗೆ ಕಲಸಿ, ಗೋಡೆಯಾಚೆಯಿಂದ ಬಡಿಯೋ ಕಿಕ್ ಕೆಳಗೆ ಹಾಸ್ತಾರೆ. ಮಂಜು ಬೇಕು ಅಂದ್ರಲ್ಲ, "ಪಾಪ್" (2000) ಕೇಳಿ. ಹೆಸರು ನೋಡಿ ಮೋಸ ಹೋಗಬೇಡಿ.

ಫ್ರಾಂಕ್‌ಫರ್ಟ್‌ನ ಮಿಲ್ ಪ್ಲೇಟೋ ಲೇಬಲ್ಲಿನ "ಕ್ಲಿಕ್ಸ್ ಅಂಡ್ ಕಟ್ಸ್" (2000) ಸಂಗ್ರಹವನ್ನ ಕೊನೆಗೆ ಇಟ್ಕೊಳ್ಳಿ. ಮೊದಲೇ ಕೇಳಿದರೆ ಸಿಡಿ ಪ್ಲೇಯರ್ ಕೆಟ್ಟಿದೆ ಅನ್ಸುತ್ತೆ.

ಕೇಳೋ ರೀತಿ: ರಾಗ ಬೆಳೆಯುತ್ತೆ ಅಂತ ಕಾಯಬೇಡಿ. ಬೆಳೆಯೋದು ಪ್ರತಿಧ್ವನಿ. ಕಿಕ್ಕನ್ನ ಕೈತಾಳ ಅಂದ್ಕೊಳ್ಳಿ, ಒಂದೊಂದು ಕಿಕ್ಕಿಗೂ ಒಂದು ತಕದಿಮಿ. ಕಾರ್ಡಿನ ಪ್ರತಿಧ್ವನಿ ಮಾತ್ರ ತಕಿಟ, ತಕಿಟ ಅಂತ ಮೂರು ಮೂರಾಗಿ ಬೀಳ್ತಾ ಹೋಗುತ್ತೆ. ತಕಿಟ ನಾಲ್ಕು ಸಲ ಆದಾಗ ತಕದಿಮಿ ಮೂರು ಸಲ ಆಗಿರುತ್ತೆ, ಎರಡೂ ಅಲ್ಲಿ ಕೂಡ್ತವೆ, ಮತ್ತೆ ಬೇರೆಯಾಗ್ತವೆ. ಇದು ಒಂದು ಸಲ ಕಿವಿಗೆ ಸಿಕ್ಕಿದ ಮೇಲೆ "ಏನೂ ಆಗ್ತಿಲ್ಲ" ಅನ್ನೋ ಮಾತು ಬಾಯಿಗೆ ಬರಲ್ಲ.

ಗೋಡೆಕಿವಿ:

ಟಿಕ್ ಟಿಕ್ ವಿಚಾರಕ್ಕೆ ಉತ್ತರ: ದೋಷ ಸ್ಪೀಕರಿನದು. ಈ ಸಂಗೀತದ ಕಿಕ್‌ನ ಬುಡ ಸಾಮಾನ್ಯವಾಗಿ 50ರಿಂದ 60 ಹರ್ಟ್ಜ್‌ನಲ್ಲಿರುತ್ತೆ. ಲ್ಯಾಪ್‌ಟಾಪ್ ಸ್ಪೀಕರು 200ರಿಂದ ಕೆಳಗೆ ಹೆಚ್ಚೂಕಡಿಮೆ ಮೂಕ. ಹಾಡಿದ್ದರೆ ದನಿಯಾದರೂ ಉಳಿದಿರೋದು, ಇಲ್ಲಿ ಬುಡ ಹೋದರೆ ಉಳಿಯೋದು ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ತಾಳದ ಟಿಕ್) ಮಾತ್ರ.

ವೈರ್ ಇಯರ್‌ಫೋನು ಸಾಕು, ಆದರೆ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಬಾಸ್ ಸೋರಿಹೋಗುತ್ತೆ. ಪರೀಕ್ಷೆ ಸುಲಭ: ಟೋನ್ ಜನರೇಟರ್ ಆ್ಯಪಿನಲ್ಲಿ 50 ಹರ್ಟ್ಜ್ ಹಾಕಿ, ಕಡಿಮೆ ವಾಲ್ಯೂಮಲ್ಲೇ ಇಟ್ಟು, ಇಯರ್‌ಫೋನನ್ನ ಬೆರಳಲ್ಲಿ ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಸದ್ದು ಏರಿದರೆ ತುದಿ ಚಿಕ್ಕದಾಯ್ತು ಅಂತ, ಒಂದು ಸೈಜು ದೊಡ್ಡದು ಹಾಕಿ.

ಇನ್ನು ರೂಮು. 12 ಅಡಿ ಗೋಡೆ ನಡುವೆ 47 ಹರ್ಟ್ಜ್, 10 ಅಡಿ ನಡುವೆ 56 ಹರ್ಟ್ಜ್ ಸುತ್ತ ಅಲೆ ನಿಂತುಬಿಡುತ್ತೆ. ಅಂದರೆ ಸರಿಯಾಗಿ ಕಿಕ್ ಇರೋ ಜಾಗದಲ್ಲೇ! ಇಂಥ ಅಲೆಯ ಒತ್ತಡ ಗೋಡೆ ಹತ್ತಿರ ಅತಿ ಹೆಚ್ಚು, ರೂಮಿನ ನಟ್ಟನಡುವೆ ಸೊನ್ನೆ. ಅದಕ್ಕೇ ನಡುವೆ ಕುರ್ಚಿ ಹಾಕಿದರೆ ಕಿಕ್ ಮಾಯ, ಹಾಸಿಗೆ ಗೋಡೆಗೆ ತಾಗಿದ್ದರೆ ಕಿಕ್ ಗುಮ್ಮೆನ್ನುತ್ತೆ. ಸ್ಪೀಕರನ್ನ 10 ಅಡಿ ಗೋಡೆಯ ಮುಂದೆ, ಮೂಲೆಗಳಿಂದ ಸಮದೂರದಲ್ಲಿಟ್ಟು, ಕಿವಿ ಆ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರ ಬರೋ ಹಾಗೆ ಕೂತ್ಕೊಳ್ಳಿ. ಆಮೇಲೆ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿದು ನೋಡಿ. ಮೂಲೆಗೆ ಹತ್ತಿ ತುಂಬಿದ ಹಳೇ ಹಾಸಿಗೆ ಸುರುಳಿ ಸುತ್ತಿ ನಿಲ್ಲಿಸಿದರೆ ಮೇಲಿನ ಬಾಸ್ ತುಸು ತಗ್ಗುತ್ತೆ, 50 ಹರ್ಟ್ಜ್‌ಗೆ ಅದರಿಂದ ದೊಡ್ಡ ಉಪಯೋಗ ಇಲ್ಲ. ಮೊಟ್ಟೆ ಟ್ರೇ ಅಂಟಿಸೋದು ಶುದ್ಧ ದಂಡ.

ಫೋನಿನ ಸೆಟ್ಟಿಂಗಲ್ಲಿ ಬಾಸ್ ಬೂಸ್ಟ್, ಸರೌಂಡ್, ಒಂದು ಟ್ರ್ಯಾಕನ್ನ ಇನ್ನೊಂದಕ್ಕೆ ಬೆರೆಸೋ ಕ್ರಾಸ್‌ಫೇಡ್, ಎಲ್ಲ ಆಫ್ ಮಾಡಿ. ಇಲ್ಲಿ ಹಿನ್ನೆಲೆಯ ಹಿಸ್ ಸದ್ದೂ ಸಂಗೀತದ ಭಾಗ, ಬೇಕಂತಲೇ ಬಿಟ್ಟದ್ದು. ಅಸಲಿ ಹಿಸ್ ಸುಯ್ ಅಂತ ಒಂದೇ ಸಮನೆ ಇರುತ್ತೆ. ನೀರಿನಡಿಯಲ್ಲಿ ಗುಳುಗುಳು ಅಂದ ಹಾಗೆ ಸುಳಿದಾಡಿದರೆ ಅದು ಕೆಟ್ಟ ಎಂಪಿ3. 128 ಕೆಬಿಪಿಎಸ್ ಫೈಲಲ್ಲಿ 16 ಕಿಲೋಹರ್ಟ್ಜ್ ಮೇಲಿನದ್ದು ಸಾಮಾನ್ಯವಾಗಿ ಕತ್ತರಿಸಿಹೋಗಿರುತ್ತೆ, ರಿವರ್ಬ್ (ದೊಡ್ಡ ಕೋಣೆಯಲ್ಲಿ ಉಳಿಯೋ ಗುಂಗು) ಬಾಲ ಮೊದಲು ಹಾಳಾಗೋದು ಅಲ್ಲೇ.

ಧಾರವಾಡಡಬ್:

ಹದಿನಾರನೇಮಾತ್ರೆ ಅವರು ಪಟ್ಟಿ ಛಲೋ ಕೊಟ್ಟಾರ, ಆದ್ರ ಒಂದು ಮಾತು ಬಿಟ್ಟಾರ. ಕಿಕ್ಕು, ಟಿಕ್ಕು, ಒಂದು ಸ್ವರ ಅನ್ನೋ ಲೆಕ್ಕ ಜರ್ಮನಿಯವರ ಸ್ವಂತ ಆಸ್ತಿ ಅಲ್ರೀ. ಡೆಟ್ರಾಯಿಟಿನ ರಾಬರ್ಟ್ ಹುಡ್ ಅವರ "ಮಿನಿಮಲ್ ನೇಷನ್" 1994ರಾಗ ಬಂತು, ಅದನ್ನ ಕೇಳದ ಕಲೋನ್ ಕಡೆ ಹೋಗಬ್ಯಾಡ್ರಿ. ಅದಕ್ಕೂ ಮೊದಲ, 1991ರಾಗ, ಹುಡ್ ಇದ್ದ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡದ ಎಕ್ಸ್-101 ರೆಕಾರ್ಡನ್ನ ಬರ್ಲಿನ್‌ನ ಟ್ರೆಸೋರ್ ಹೊರಗ ತಂದಿತ್ತು. ಟ್ರೆಸೋರ್ ಅಂದ್ರ ತಿಜೋರಿ. ಹಳೇ ವೆರ್ಟ್‌ಹೈಮ್ ಅಂಗಡಿಯ ನೆಲಮಾಳಿಗಿ ತಿಜೋರಿ ಕೋಣೆಯೊಳಗ ಅದೇ ವರ್ಷ ಮಾರ್ಚಿನಾಗ ಶುರುವಾದ ಕ್ಲಬ್ಬು.

ಇನ್ನ "ತಣ್ಣಗ" ಅನ್ನೋದು. ಬೇಸಿಕ್ ಚಾನೆಲ್ ನನಗ ತಣ್ಣಗ ಕೇಳಂಗಿಲ್ಲ. ಅದರ ಬೇರು ಜಮೈಕಾದ ಡಬ್ಬಿನಾಗ (ರೆಗ್ಗೆ ಹಾಡಿನ ದನಿ ತೆಗೆದು ಪ್ರತಿಧ್ವನಿ ತುಂಬಿದ ಸಂಗೀತ) ಐತಿ. ಆ ಇಬ್ಬರ ಮುಂದಿನ ಕೆಲಸ ರಿದಮ್ ಅಂಡ್ ಸೌಂಡ್ ಕೇಳ್ರಿ, ಡೊಮಿನಿಕಾದ ಪಾಲ್ ಸೇಂಟ್ ಹಿಲೇರ್ ಹಾಡ್ಯಾರ, ಅದು ಮಳೆ ಬರೋ ಮುಂಚಿನ ಸೆಕೆ ಇದ್ದಂಗ. ಖರೇ ಥಂಡಿ ಬೇಕಂದ್ರ ಜರ್ಮನಿಯ ಕೆಮ್ನಿಟ್ಸ್ ಊರಿಗೆ ಹೋಗ್ರಿ. ಅಲ್ಲಿ ರಾಸ್ಟರ್-ನೋಟೋನ್ ಲೇಬಲ್ಲು ಇತ್ತು, 2017ರಾಗ ಎರಡಾಗಿ ಒಡೀತು: ಕಾರ್ಸ್ಟನ್ ನಿಕೊಲಾಯ್, ಒಲಾಫ್ ಬೆಂಡರ್, ಫ್ರಾಂಕ್ ಬ್ರೆಟ್‌ಶ್ನೈಡರ್. ನಿಕೊಲಾಯ್ ಆಲ್ವಾ ನೋಟೋ ಹೆಸರಿಲೆ ತಂದ "ಟ್ರಾನ್ಸ್‌ಫಾರ್ಮ್" (2001) ಹಾಕ್ರಿ. ಬರೀ ಸೈನ್ ತರಂಗ (ಶುದ್ಧ ಒಂಟಿ ಸ್ವರ), ಕ್ಲಿಕ್ಕು, ಗದ್ದಲದ ಸಣ್ಣ ಸಣ್ಣ ಚೂರು. ಪ್ರತಿಧ್ವನಿ ಇಲ್ಲ, ಗೋಡಿ ಇಲ್ಲ, ಹವಾನೇ ಇಲ್ಲ ಅಂದಂಗ. ಅದರಾಗ ಭಾಳ ಎತ್ತರದ ಕೀಚಲು ಸ್ವರ ಬರ್ತಾವ. ಕೇಳಸವಲ್ದು ಅಂತ ಇಯರ್‌ಫೋನಿನಾಗ ವಾಲ್ಯೂಮ್ ಏರಿಸಬ್ಯಾಡ್ರಿ, ಕಿವಿಗೆ ಪೆಟ್ಟು ಬೀಳತೈತಿ.

ಎರಡರ ನಡುವಿನ ದಾರಿ ಅಂದ್ರ ಪೋಲ್. ಆ ಹೆಸರಿಲೆ ಸ್ಟೆಫಾನ್ ಬೆಟ್ಕೆ ತಂದ ಮೂರು ಆಲ್ಬಮ್, 1998, 1999, 2000: ನೀಲಿ, ಕೆಂಪು, ಹಳದಿ ಹೊದಿಕಿ. ಕೆಟ್ಟುಹೋದ ವಾಲ್ಡಾರ್ಫ್ ಫಿಲ್ಟರಿನ (ಸದ್ದು ಸೋಸೋ ಯಂತ್ರ) ಚಿಟಿಚಿಟಿ ಸಪ್ಪಳಾನ ಅಲ್ಲಿ ತಾಳ ಆಗೇತಿ. ಕಿಕ್ ಹುಡುಕಿದ್ರ ಸಿಗಂಗಿಲ್ಲ.

ಹಳೆಕೇಬಲ್:

ಎಲ್ಲರಿಗೂ ಥ್ಯಾಂಕ್ಸ್. ಕುರ್ಚಿ ಸರಿಸಿದ್ದಕ್ಕೇ ಕಿಕ್ ಬಂತು. ಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಮೈನರ್ ಕಾರ್ಡ್ ನುಡಿಸಿ ಡಿಲೇ (ಪ್ರತಿಧ್ವನಿ ಹುಟ್ಟಿಸೋ ಎಫೆಕ್ಟ್) ಹಾಕಿದರೆ ಬರೀ ಕೆಸರು.

ತಂತಿಪೆಟ್ಟಿಗೆ:

ಕೆಸರಾಗೋದು ಫಿಲ್ಟರ್ ಹಾಕೋ ಜಾಗ ತಪ್ಪಿದ್ದಕ್ಕೆ. 125 ಬಿಪಿಎಂ (ನಿಮಿಷಕ್ಕೆ 125 ಕಿಕ್) ಇಟ್ಕೊಂಡು ಹೇಳ್ತೀನಿ, ಯಾವ ಸಾಫ್ಟ್‌ವೇರ್ ಆದರೂ ಸರಿ.

ಎರಡು ಸಾ-ಟೂತ್ ಆಸಿಲೇಟರ್ (ಗರಗಸದಂಥ ಅಲೆ ಹುಟ್ಟಿಸೋ ಭಾಗ), ಒಂದರ ಶ್ರುತಿಯನ್ನ 6ರಿಂದ 8 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಆಚೆ ಸರಿಸಿ. ಎ ಮೈನರ್ 7 ನುಡಿಸಿ: ಎ, ಸಿ, ಇ, ಜಿ. ಮೇಲಿನದನ್ನ ಕಡಿಯೋ ಲೋ-ಪಾಸ್ ಫಿಲ್ಟರ್ 24 ಡಿಬಿಯದ್ದು, ಕಟಾಫ್ (ಕಡಿಯೋಕೆ ಶುರುವಾಗೋ ಜಾಗ) 350 ಹರ್ಟ್ಜ್ ಹತ್ತಿರ, ರೆಸೊನನ್ಸ್ (ಆ ಜಾಗದ ಒತ್ತು) ಕಾಲು ಭಾಗ. ಸದ್ದು ಏರಿಳಿಯೋ ರೀತಿ ಹೇಳೋ ಎನ್ವಲಪ್‌ನಲ್ಲಿ ಅಟ್ಯಾಕ್ 0, ಡಿಕೇ 250 ಮಿಲಿಸೆಕೆಂಡ್, ಸಸ್ಟೇನ್ 0. ಅಂದರೆ ಕಾರ್ಡ್ ಒಂದು ಚುಚ್ಚು ಮಾತ್ರ, ಉದ್ದ ಎಳೆಯೋದೆಲ್ಲ ಡಿಲೇ ಕೆಲಸ. ನೀವು ಕಾರ್ಡನ್ನೇ ಉದ್ದ ಹಿಡಿದಿರ್ತೀರಿ, ಪ್ರತಿಧ್ವನಿಗೆ ಜಾಗ ಎಲ್ಲಿ?

ನಾಲ್ಕು ಕಿಕ್ಕಿನ 16 ಹೆಜ್ಜೆಯಲ್ಲಿ 4 ಮತ್ತು 11ನೇದರ ಮೇಲೆ ಚುಚ್ಚಿ, ಕಿಕ್ ಮೇಲೆ ಬೇಡ. ಡಿಲೇ ಮೂರು ಹದಿನಾರನೇ ಭಾಗ, ಅಂದರೆ 360 ಮಿಲಿಸೆಕೆಂಡ್. ಫೀಡ್‌ಬ್ಯಾಕ್ (ಡಿಲೇಯಿಂದ ಬಂದದ್ದರಲ್ಲಿ ಮತ್ತೆ ಅದರೊಳಕ್ಕೆ ಹೋಗೋ ಪಾಲು) ಶೇ. 60. ಕಾರ್ಡಿಗೆ ಒಂದು ಸಲ ಫಿಲ್ಟರ್ ಹಾಕಿದರೆ ಸಾಲದು, ಡಿಲೇಯ ಫೀಡ್‌ಬ್ಯಾಕ್ ಸುತ್ತಿನ ಒಳಗೇ ಇರಬೇಕು: 250 ಹರ್ಟ್ಜ್ ಕೆಳಗಿನದನ್ನ ಕಡಿಯೋ ಹೈ-ಪಾಸ್, 3 ಕಿಲೋಹರ್ಟ್ಜ್ ಮೇಲಿನದನ್ನ ಕಡಿಯೋ ಲೋ-ಪಾಸ್. ಆಗ ಪ್ರತಿ ಸುತ್ತಿಗೂ ಸದ್ದು ಎರಡೂ ಕಡೆಯಿಂದ ತೆಳ್ಳಗಾಗ್ತಾ ದೂರ ಹೋಗುತ್ತೆ. ಇದಿಲ್ಲದಿದ್ದರೆ 200ರಿಂದ 400 ಹರ್ಟ್ಜ್ ಜಾಗದಲ್ಲಿ ಸುತ್ತಿನ ಮೇಲೆ ಸುತ್ತು ಪೇರಿಸ್ಕೊಂಡು ನೀವು ಹೇಳಿದ ಕೆಸರಾಗುತ್ತೆ.

ಡಿಲೇ ಆದ ಮೇಲೆ ರಿವರ್ಬ್, 5 ಸೆಕೆಂಡ್, ಅದಕ್ಕೂ 250ರ ಹೈ-ಪಾಸ್. ಮೊದಲು ರಿವರ್ಬ್, ಆಮೇಲೆ ಡಿಲೇ ಇಟ್ಟರೆ ಪ್ರತಿಧ್ವನಿಗಳ ಅಂಚು ಅಳಿಸಿ ತಕಿಟ ಲೆಕ್ಕ ಕೇಳಿಸಲ್ಲ. ಕಿಕ್ ಬಿದ್ದಾಗ ರಿವರ್ಬ್ 3 ಡಿಬಿ ತಗ್ಗೋ ಹಾಗೆ ಸೈಡ್‌ಚೈನ್ ಹಾಕಿ.

ಕಿಕ್ 909 ಡ್ರಮ್ ಯಂತ್ರದ ಥರದ್ದು, 55 ಹರ್ಟ್ಜ್‌ಗೆ ಶ್ರುತಿ ಮಾಡಿ. ಅದು ಎ ಸ್ವರವೇ, ಕಾರ್ಡಿಗೆ ಹೊಂದುತ್ತೆ. 120 ಹರ್ಟ್ಜ್ ಕೆಳಗಿನದೆಲ್ಲ ಮೋನೋ (ಎಡಬಲ ಎರಡರಲ್ಲೂ ಒಂದೇ). ಇದು ಬರೀ ರುಚಿಯ ಮಾತಲ್ಲ: ಎಡಬಲ ಬಾಸ್ ವಿರುದ್ಧ ದಿಕ್ಕಲ್ಲಿದ್ದರೆ ರೆಕಾರ್ಡಿನ ಗೆರೆ ಮೇಲೆ ಕೆಳಗೆ ಕುಣಿಯುತ್ತೆ, ಸೂಜಿ ಹಾರುತ್ತೆ. ಈ ಸಂಗೀತ ಕಟ್ಟಿದ್ದೇ ರೆಕಾರ್ಡಿಗಾಗಿ. ಅದಕ್ಕೇ 1995ರಲ್ಲಿ ಡಬ್‌ಪ್ಲೇಟ್ಸ್ ಅಂಡ್ ಮಾಸ್ಟರಿಂಗ್ ಅಂತ ಬರ್ಲಿನ್‌ನಲ್ಲೇ ಬೇಸಿಕ್ ಚಾನೆಲ್‌ನವರದೇ ಕಟಿಂಗ್ (ರೆಕಾರ್ಡಿನ ಗೆರೆ ಕೊರೆಯೋ) ಸ್ಟುಡಿಯೋ ಬಂತು.

ಕೊನೆಗೆ ಕಟಾಫ್‌ಗೆ ನಿಧಾನದ ಎಲ್‌ಎಫ್‌ಓ (ಗುಂಡಿಯನ್ನ ತಾನೇ ಏರಿಸಿ ಇಳಿಸೋ ಅಲೆ). ಅದನ್ನ ಟೆಂಪೋಗೆ ಕಟ್ಟಬೇಡಿ, ಒಂದು ಸುತ್ತು 22 ಸೆಕೆಂಡ್ ಅಂತಿಡಿ. ನಾಲ್ಕು ಬಾರ್‌ಗೆ (16 ಕಿಕ್ಕಿಗೆ) ಸರಿಯಾಗಿ ಒಂದು ಸುತ್ತು ತಿರುಗಿದರೆ ಕಿವಿ ಎರಡೇ ನಿಮಿಷಕ್ಕೆ ಕಂಡುಹಿಡಿದು ಬೇಸರಪಡುತ್ತೆ. ಫೀಡ್‌ಬ್ಯಾಕ್ ಗುಂಡಿಯನ್ನ ಕೈಯಲ್ಲೇ ತಿರುಗಿಸಿ ರೆಕಾರ್ಡ್ ಮಾಡಿ. ಶೇ. 100ರ ಹತ್ತಿರ ಹೋದರೆ ಎಷ್ಟೋ ಡಿಲೇಗಳು ತಾವೇ ಕೂಗೋಕೆ ಶುರು ಮಾಡ್ತವೆ, ಅದಕ್ಕೆ ಮೊದಲೇ ಒಂದು ಲಿಮಿಟರ್ (ಸದ್ದು ಮಿತಿ ಮೀರದ ಹಾಗೆ ತಡೆಯೋದು) ಕೂರಿಸಿರಿ. ಕಾರ್ಡ್ ಬದಲಾಯಿಸೋ ಆಸೆ ಬಂದೇ ಬರುತ್ತೆ. ಎರಡನೇ ಕಾರ್ಡ್ ಹಾಕಿದ ಗಳಿಗೆ ಅದು ಡೀಪ್ ಹೌಸ್ ಅನ್ನೋ ಬೇರೆ ಶೈಲಿ ಕಡೆ ವಾಲುತ್ತೆ.

ಹಳೆಕೇಬಲ್:

ಫೀಡ್‌ಬ್ಯಾಕ್ ಒಳಗೆ ಫಿಲ್ಟರ್! ಇದೇ ಬೇಕಿತ್ತು. ಕೊನೇ ಪ್ರಶ್ನೆ: ಸೆಕೆಂಡ್ ಹ್ಯಾಂಡ್ ರೆಕಾರ್ಡು, ಸಿಡಿ ತರಿಸೋದಾದರೆ ಏನು ನೋಡಬೇಕು?

ಹದಿನಾರನೇಮಾತ್ರೆ:

ಚೈನ್ ರಿಯಾಕ್ಷನ್ ಸಿಡಿಗಳು ಮೊದಲು ತಗಡಿನ ಡಬ್ಬಿಯಲ್ಲಿ ಬರ್ತಿದ್ದವು. ಬಿಡಿಸೋವಾಗ ನಡುವಿನ ತೂತಿನ ಸುತ್ತ ಬಿರುಕು ಬಿಡೋದುಂಟು, ಆ ಜಾಗದ ಫೋಟೋ ಕೇಳಿ ಪಡೀರಿ. ರೆಕಾರ್ಡಾದರೆ ಬಿಸಿಲಲ್ಲಿ ಡೊಂಕಾಗಿದೆಯಾ ಅಂತ ಚಪ್ಪಟೆ ಗಾಜಿನ ಮೇಲಿಟ್ಟು ತೆಗೆದ ಫೋಟೋ. ಕೈ ಸೇರಿದ ಮೇಲೆ ವೇಗ ನೋಡ್ಕೊಳ್ಳಿ. ಎಷ್ಟೋ ರೆಕಾರ್ಡಿನ ನಡುವಿನ ಚೀಟಿ ಮೇಲೆ (ನಿಮಿಷಕ್ಕೆ ಸುತ್ತು) 33 ಅಂತಲೂ ಇರಲ್ಲ, 45 ಅಂತಲೂ ಇರಲ್ಲ, ಹಾಡೋರು ಇಲ್ಲದ್ದರಿಂದ ತಪ್ಪು ವೇಗ ಗೊತ್ತೇ ಆಗಲ್ಲ. 15 ಸೆಕೆಂಡಿಗೆ ಕಿಕ್ ಎಣಿಸಿ. 31ರ ಸುತ್ತ ಇದ್ದರೆ ಸರಿ. 42 ಬಂದರೆ 33ರ ರೆಕಾರ್ಡನ್ನ 45ರಲ್ಲಿ ಓಡಿಸ್ತಿದೀರಿ.

ಧಾರವಾಡಡಬ್:

23 ಬಂದ್ರ ಉಲ್ಟಾ ಆಗೇತಿ, 45ರದ್ದು 33ರಾಗ ಓಡಾಕತ್ತೈತಿ. ಹಂಗೂ ಒಮ್ಮೆ ಪೂರ್ತಿ ಕೇಳ್ರಿ, ಕೆಲವು ಹಂಗೇ ಛಲೋ ಇರ್ತಾವ.