ಬೋರ್‌ವೆಲ್ ಪುಡಿಯ ಸಾಲಿಡ್ ಬ್ಲಾಕ್: ಅಂಚು ಉದುರುತ್ತಿದೆ, ತೂಕವೂ ಕಡಿಮೆ

ಕೋಲಾರ_ಬ್ಲಾಕ್: ಗ್ರಾನೈಟ್ ಬಂಡೆಯಲ್ಲಿ ಬೋರ್ ಕೊರೆದಾಗ ಬಂದ ಪುಡಿಯನ್ನು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬದಲು ಪೂರ್ತಿ ಹಾಕಿ ಬ್ಲಾಕ್ ಹೊಡೆದಿದ್ದೇವೆ. ಅಳತೆ 400×200×150 ಮಿ.ಮೀ. ಸಿಮೆಂಟ್ 1, ಪುಡಿ 4, 6 ಎಂ.ಎಂ. ಜಲ್ಲಿ 4. ಅಂಚು ಉದುರುತ್ತಿದೆ. 28 ದಿನಕ್ಕೆ ಒತ್ತಡ ತಡೆಯುವ ಬಲ ಸರಾಸರಿ ಚದರ ಮಿ.ಮೀ.ಗೆ 2.7 ನ್ಯೂಟನ್. ಬ್ಲಾಕ್ ಒಣಗಿದ ಮೇಲೆ 20.9 ಕೆ.ಜಿ. ಸಿಮೆಂಟ್ ಜಾಸ್ತಿ ಮಾಡಬೇಕಾ ಸರ್?

ಜಲ್ಲಿಮರಳು: ಸಿಮೆಂಟ್ ಮುಟ್ಟಬೇಡಿ, ಮೊದಲು ತೂಕ ನೋಡಿ. ನಿಮ್ಮ ಬ್ಲಾಕ್ 0.012 ಘನ ಮೀಟರ್. ಸಾಂದ್ರತೆ ಘನ ಮೀಟರಿಗೆ ಸುಮಾರು 1740 ಕೆ.ಜಿ. ಆಯ್ತು. ಐ.ಎಸ್. (ಭಾರತೀಯ ಮಾನಕ) 2185 ಪ್ರಕಾರ ಸಾಲಿಡ್ ಬ್ಲಾಕ್‌ಗೆ 1800ಕ್ಕಿಂತ ಕಡಿಮೆ ಇರಬಾರದು. 4.0 ದರ್ಜೆಗೆ ಬಲ ಸರಾಸರಿ 4 ನ್ಯೂಟನ್, ಯಾವ ಒಂದು ಬ್ಲಾಕೂ 3.2ಕ್ಕಿಂತ ಕೆಳಗೆ ಇಳಿಯಬಾರದು. ಒಳಗೆ ಗಾಳಿ ಸೇರಿದೆ, ಇಲ್ಲ ವೈಬ್ರೇಟರ್ ಸರಿಯಾಗಿ ಕೂರಿಸುತ್ತಿಲ್ಲ. ಅದೇ ಅಚ್ಚಿನಲ್ಲಿ ಬರೀ ಎಂ-ಸ್ಯಾಂಡ್ ಹಾಕಿ ಮೂರು ಬ್ಲಾಕ್ ಹೊಡೆಯಿರಿ. ತೂಕ 25ರ ಹತ್ತಿರ ಬಂದರೆ ಮಷೀನ್ ಸರಿ ಇದೆ, ತಪ್ಪು ಪುಡಿಯದು.

ಕೋಲಾರ_ಬ್ಲಾಕ್: 25.3 ಬಂತು ಸರ್.

ಜಲ್ಲಿಮರಳು: ಹಾಗಾದರೆ ನನ್ನ ಅನುಮಾನ ಫೋಮ್ ಮೇಲೆ. ನೀರು ಸಿಕ್ಕ ಮೇಲೆ ಪುಡಿಯನ್ನು ಮೇಲೆತ್ತಲು ರಿಗ್ಗಿನವರು (ಬೋರ್ ಕೊರೆಯುವವರು) ಸೋಪಿನಂಥ ದ್ರಾವಣ ಬಿಡುತ್ತಾರೆ. ಅದು ಪುಡಿಯಲ್ಲೇ ಉಳಿದರೆ ಮಿಕ್ಸರ್‌ನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಬಲ ಬೀಳುತ್ತದೆ. ಪಾರದರ್ಶಕ ಬಾಟಲಿಗೆ ಕಾಲು ಭಾಗ ಪುಡಿ, ಅರ್ಧ ನೀರು ಹಾಕಿ ಜೋರಾಗಿ ಕುಲುಕಿ. ಐದು ನಿಮಿಷದ ಮೇಲೂ ನೊರೆ ನಿಂತಿದ್ದರೆ ಪುಡಿ ತೊಳೆಯಲೇಬೇಕು. ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಅದು ಬಂಡೆ ಕೊರೆಯುವ ಹ್ಯಾಮರ್‌ಗೆ ಹಾಕುವ ಎಣ್ಣೆ. ಆ ರಾಶಿ ಬಿಟ್ಟುಬಿಡಿ.

ತೊಳೆಯುವುದು ಹೀಗೆ: ಗುಂಡಿಯಲ್ಲಿ ನೀರು ತುಂಬಿ ಕಲಕಿ, ಕೆಳಗೆ ಕೂತ ಮೇಲೆ ಮೇಲಿನ ಕೆಸರುನೀರು ತೆಗೆಯಿರಿ. ನೊರೆ ಬರದಂತಾಗುವವರೆಗೂ ಮತ್ತೆ ಮಾಡಿ. ಅತಿ ನುಣುಪು ಭಾಗವೂ ಹೋಗುತ್ತದೆ, ಅದೂ ಲಾಭವೇ. ಆ ನೀರನ್ನು ಚರಂಡಿಗೆ ಬಿಡಬೇಡಿ, ಇನ್ನೊಂದು ಗುಂಡಿಯಲ್ಲಿ ತಿಳಿಯಾಗಲಿ.

ಸೀವ್_ಸೆಟ್: ಫೋಮ್ ಹೋದರೂ ಪೂರ್ತಿ ಪುಡಿ ನಡೆಯುವುದಿಲ್ಲ. ಐ.ಎಸ್. 383ರಲ್ಲಿ ಪುಡಿಮಾಡಿದ ಕಲ್ಲಿನ ಮರಳಿಗೆ 150 ಮೈಕ್ರಾನ್ ಜರಡಿಯಿಂದ ಇಳಿಯುವ ಭಾಗ 20% ವರೆಗೆ ಮಾತ್ರ. ಬೋರ್ ಪುಡಿ ಹೆಚ್ಚಾಗಿ ಅದನ್ನು ದಾಟುತ್ತದೆ, ನೀರು ಕುಡಿಯುತ್ತದೆ, ಹುಡುಗರು ನೀರು ಏರಿಸುತ್ತಾರೆ. ಪುಡಿ 1, ಎಂ-ಸ್ಯಾಂಡ್ 3 ಅಂತ ಶುರು ಮಾಡಿ. ಒಣದಲ್ಲೇ ಚೆನ್ನಾಗಿ ಬೆರೆಸಿ ಆಮೇಲೆ ನೀರು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಕನಿಷ್ಠ 14 ದಿನ ಕ್ಯೂರಿಂಗ್ (ಬ್ಲಾಕ್ ಒದ್ದೆಯಾಗಿಡುವುದು).

ಕೇಸಿಂಗ್ ಪೈಪ್ (ಬೋರ್‌ನ ಮೇಲ್ಭಾಗದ ಮಣ್ಣು ಕುಸಿಯದಂತೆ ಹಾಕುವ ಕೊಳವೆ) ಇಳಿಸುವವರೆಗೆ ಬರುವ ಕೆಂಪು-ಹಳದಿ ಮಣ್ಣು ರಾಶಿಗೆ ಸೇರಿದೆಯಾ? ಅದು ಜೇಡಿ, ಬೂದು ಪುಡಿಯಿಂದ ಬೇರೆ ಇಡಬೇಕು. ಒಣಪುಡಿ ಸುರಿಯುವವರಿಗೆ ಎನ್-95 ಮಾಸ್ಕ್ ಕೊಡಿ. ಗ್ರಾನೈಟ್ ಧೂಳಿನ ಸಿಲಿಕಾ ಶ್ವಾಸಕೋಶ ಹಾಳು ಮಾಡುತ್ತದೆ.

ಕೋಲಾರ_ಬ್ಲಾಕ್: ನೊರೆ ನಿಂತಿತ್ತು, ಕೆಂಪು ಮಣ್ಣೂ ಸೇರಿದೆ. ಹಳೇ ಬ್ಲಾಕ್ ಏನು ಮಾಡೋದು? ಪೈಲಿಂಗ್‌ನವರ ಬೆಂಟೊನೈಟ್ (ಒಂದು ಬಗೆಯ ಜೇಡಿ) ಕೆಸರೂ ಸಿಗುತ್ತೆ, ಹಾಕಬಹುದಾ?

ಜಲ್ಲಿಮರಳು: ಗೋಡೆಗೆ ಬೇಡ. ಒಡೆದು ಅಂಗಳದ ನೆಲದಡಿ ತುಂಬಿಸಿ. ಬೆಂಟೊನೈಟ್ ಬೇಡವೇ ಬೇಡ: ನೀರು ತಾಗಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಬ್ಲಾಕ್ ಬಿರಿಯುತ್ತದೆ.