ದಿನಕ್ಕೆ 60 ಕಿ.ಮೀ. ಓಡಾಟ, ತಿಂಗಳಿಗೆ 11 ಸಾವಿರ ಪೆಟ್ರೋಲ್: ನಿಮ್ಮ ಅನುಭವ ಹೇಳಿ

ನೆಲಮಂಗಲದವನು:
2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 71 ಸಾವಿರ ಕಿ.ಮೀ. ಓಡಿದೆ. ನೆಲಮಂಗಲದಿಂದ ನಾಗವಾರಕ್ಕೆ ಹೋಗಿ ಬರಲು ದಿನಕ್ಕೆ 60 ಕಿ.ಮೀ., ತಿಂಗಳಿಗೆ 24 ದಿನ. ಗೊರಗುಂಟೆಪಾಳ್ಯದಿಂದ ಹೆಬ್ಬಾಳದವರೆಗೆ ಎರಡನೇ ಗೇರ್ ದಾಟಿದರೆ ಪುಣ್ಯ. ಮೈಲೇಜ್ 13.5. ಲೀಟರಿಗೆ 103 ರೂ. ಹಿಡಿದರೂ ತಿಂಗಳಿಗೆ 11 ಸಾವಿರ ಹೋಗುತ್ತಿದೆ. ಸಿಎನ್‌ಜಿ ಕಿಟ್ ಹಾಕಿಸಲೇ, ಕಾರು ಕೊಟ್ಟು ಎಲೆಕ್ಟ್ರಿಕ್ ತಗೊಳ್ಳಲೇ, ಅಥವಾ ಸುಮ್ನೆ ಇದರಲ್ಲೇ ಇರಲೇ? ಸ್ವಂತ ಮನೆ, ಕಾರಿಗೆ ಶೆಡ್ ಇದೆ. ಬಳಸಿದವರು ಹೇಳಿ.

ಗ್ಯಾಸ್ ಗುರು:
ಕಣ್ಣು ಮುಚ್ಚಿ ಸಿಎನ್‌ಜಿ ಹಾಕಿಸಿ. ನಾನು 2022ರಲ್ಲಿ ಹಾಕಿಸಿದೆ. ಕಿಟ್, ಸಿಲಿಂಡರ್, ಕೂಲಿ ಸೇರಿ 58,000. ಆರ್‌ಸಿಯಲ್ಲಿ ಸೇರಿಸಲು ಮೂರು ಸಲ ಓಡಾಡಿದೆ, ಇನ್ಶೂರೆನ್ಸ್‌ನವರಿಗೂ ತಿಳಿಸಿದೆ. ಪೆಟ್ರೋಲಿನಲ್ಲಿ 14.5 ಕೊಡುತ್ತಿದ್ದ ಕಾರು ಗ್ಯಾಸಿನಲ್ಲಿ ಕೆಜಿಗೆ 24 ಕೊಡುತ್ತದೆ. ಈಗ ಕೆಜಿಗೆ 89 ಕೊಡುತ್ತಿದ್ದೇನೆ, ಅಂದರೆ ಕಿಲೋಮೀಟರಿಗೆ 3.70. ಪೆಟ್ರೋಲಿಗೆ 7.10 ಬೀಳುತ್ತಿತ್ತು. 17 ಸಾವಿರ ಕಿ.ಮೀ.ನಲ್ಲಿ ಹಾಕಿದ ದುಡ್ಡು ವಾಪಸ್. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಬೇಕಾದರೆ ಫೋಟೋ ಹಾಕುತ್ತೇನೆ.

ಕಷ್ಟ ಇಲ್ಲ ಅಂತಲ್ಲ. 60 ಲೀಟರ್ ಸಿಲಿಂಡರಿಗೆ ಎಂಟು ಕೆಜಿ ಚಿಲ್ಲರೆ ಹಿಡಿಯಬೇಕು. ಬಂಕಿನಲ್ಲಿ ಪ್ರೆಶರ್ ಕಡಿಮೆ ಇದ್ದ ದಿನ ಐದೂವರೆ ಕೆಜಿಗೇ ನಿಂತುಬಿಡುತ್ತದೆ. ಅದಕ್ಕೇ ರಾತ್ರಿ ಹತ್ತೂವರೆ ಮೇಲೆ ಹೋಗುತ್ತೇನೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಬೇಕು, ನನಗೆ ಎರಡು ದಿನ ಕಾರಿರಲಿಲ್ಲ. ಇನ್ನು ಡಿಕ್ಕಿ. ಧರ್ಮಸ್ಥಳಕ್ಕೆ ಹೊರಟಾಗ ಅತ್ತೆಯವರ ಸೂಟ್‌ಕೇಸ್ ಹಿಂದಿನ ಸೀಟಿನಲ್ಲಿ, ಅತ್ತೆಯವರ ಕಾಲು ಸೂಟ್‌ಕೇಸಿನ ಮೇಲೆ. ವಾಪಸ್ ಬರುವಾಗ ಶಿರಾಡಿ ಹತ್ತಲು ಎರಡನೇ ಗೇರಿನಲ್ಲಿ ಗೊಣಗುತ್ತಾ ಬಂತು. ಕಾರೂ ಗೊಣಗಿತು, ಅವರೂ ಗೊಣಗಿದರು. ಆದರೂ ನಾನು ಪೆಟ್ರೋಲಿಗೆ ವಾಪಸ್ ಹೋಗಲ್ಲ.

ಡೀಸೆಲ್ ಮಾಡಿ ಕೆಟ್ಟವನು:
ನನ್ನ ಕಥೆ ಕೇಳಿ. ಹಳೇ ಬಿಎಸ್4, ಅಂದರೆ ಹೊಗೆಯ ಹಿಂದಿನ ನಿಯಮದ ಡೀಸೆಲ್ ಸೆಡಾನ್ ಇತ್ತು, ಹೈವೇನಲ್ಲಿ 21 ಕೊಡುತ್ತಿತ್ತು. ಮಾರಿ ಹೊಸ ನಿಯಮದ ಬಿಎಸ್6 ಡೀಸೆಲ್ ತಗೊಂಡೆ. ಮನೆಯಿಂದ ಆಫೀಸಿಗೆ 8 ಕಿ.ಮೀ., ಅದೂ ಮಾರತ್‌ಹಳ್ಳಿ ದಾಟಿ. ಐದನೇ ತಿಂಗಳಿಗೆ ಡಿಪಿಎಫ್ ಲೈಟ್ ಬಂತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅದು. ಇಂಜಿನ್ ಚೆನ್ನಾಗಿ ಬಿಸಿಯಾಗಿ ಓಡಿದರೆ ಮಸಿ ತಾನೇ ಸುಟ್ಟುಹೋಗುತ್ತದೆ, ಟ್ರಾಫಿಕ್ಕಿನಲ್ಲಿ ತೆವಳಿದರೆ ಕಟ್ಟಿಕೊಳ್ಳುತ್ತದೆ. ಮಾರುವಾಗ ಈ ಮಾತು ಯಾರೂ ಎತ್ತಲಿಲ್ಲ. ಸರ್ವೀಸ್‌ನವರು ಮೊದಲ ಸಲ ಪುಕ್ಕಟೆ ಮಾಡಿದರು. ಎರಡನೇ ಸಲ 6,200. ಮೂರನೇ ಸಲ ಬಿಚ್ಚಿ ಕ್ಲೀನ್ ಮಾಡಿ 14,600 ಬಿಲ್ ಕೊಟ್ಟು, "ವಾರಕ್ಕೊಮ್ಮೆ ಹೈವೇಗೆ ಕರ್ಕೊಂಡು ಹೋಗಿ ಸರ್" ಅಂದರು, ನಾಯಿಮರಿ ವಾಕಿಂಗ್ ಬಗ್ಗೆ ಹೇಳಿದ ಹಾಗೆ. ಈಗ ಪ್ರತಿ ಶನಿವಾರ ಬೆಳಗ್ಗೆ ಆರಕ್ಕೆ ದೇವನಹಳ್ಳಿ ಕಡೆ ಹೋಗಿ ಬರುತ್ತೇನೆ. ಕೆಲಸ ಏನಿಲ್ಲ. ಮಸಿ ಸುಡೋಕೆ ಡೀಸೆಲ್ ಸುಡೋದು, ಟೋಲ್ ಬೇರೆ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ತೆರಿಗೆ 21.17% ಮಾಡಿದರು, ರೇಟು 91 ಆಯಿತು. ಮೂಗಿಗಿಂತ ಮೂಗುತಿ ಭಾರ.

ಗ್ಯಾಸ್ ಗುರು:
8 ಕಿ.ಮೀ.ಗೆ ಡೀಸೆಲ್ ತಗೊಂಡಿದ್ದು ಯಾರ ತಪ್ಪು? ಕಾರಿನದಾ?

ಡೀಸೆಲ್ ಮಾಡಿ ಕೆಟ್ಟವನು:
ತಗೊಂಡಾಗ ಆಫೀಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು ಸ್ವಾಮಿ, ಹೋಗಿ ಬರೋಕೆ 50 ಕಿ.ಮೀ. ಆಫೀಸ್ ಬದಲಾಯಿಸಿದ್ದು ನಾನಲ್ಲ. ರಾತ್ರಿ ಹತ್ತೂವರೆಗೆ ಗ್ಯಾಸಿಗೆ ಕ್ಯೂ ನಿಲ್ಲೋರು ಬೇರೆಯವರಿಗೆ ಬುದ್ಧಿ ಹೇಳೋದು ಬೇಡ.

ಮೈಸೂರು ಮೇಡಂ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ನಾನು ಎಲೆಕ್ಟ್ರಿಕ್ ಬಗ್ಗೆ ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ಪೂರ್ತಿ ಹೇಳಲ್ಲ. ತಿಂಗಳಿಗೆ 1,200 ಕಿ.ಮೀ. ಓಡಿಸುತ್ತೇನೆ, ಯೂನಿಟ್ಟಿಗೆ 7 ಕಿ.ಮೀ. ಸಿಗುತ್ತದೆ. ಚಾರ್ಜ್ ಮಾಡುವಾಗ ಪೋಲಾಗುವುದನ್ನೂ ಸೇರಿಸಿದರೆ ಮೀಟರಿನಲ್ಲಿ 190 ಯೂನಿಟ್. ಯೂನಿಟ್ಟಿಗೆ 5.80, ಹಾಗಾಗಿ 1,100 ರೂಪಾಯಿ ಅಂದುಕೊಂಡಿದ್ದೆವು. ಆದರೆ ನಮ್ಮ ಮನೆಯ ಬಳಕೆ 140 ಯೂನಿಟ್, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು. ಕಾರು ಬಂದ ತಿಂಗಳು ಮೀಟರ್ 330 ದಾಟಿತು. 200 ಮೀರಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಫಿಕ್ಸೆಡ್ ಚಾರ್ಜ್, ತೆರಿಗೆ ಎಲ್ಲ ಸೇರಿ 2,600 ಚಿಲ್ಲರೆ. ನಮ್ಮತ್ತೆ ಬಿಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. "ಪುಕ್ಕಟೆ ಬರ್ತಿದ್ದ ಕರೆಂಟ್‌ನ ಕಾರಿಗೆ ಕುಡಿಸಿಬಿಟ್ಟೆಯಲ್ಲೇ" ಅಂತ.

ಹಾಗಿದ್ದರೂ ಕಿಲೋಮೀಟರಿಗೆ 2.20 ಅಷ್ಟೇ. ಹಳೇ ಪೆಟ್ರೋಲ್ ಕಾರಿಗೆ ಇದೇ ಓಡಾಟಕ್ಕೆ 8,200 ಆಗುತ್ತಿತ್ತು. ಹೊರಗೆ ಫಾಸ್ಟ್ ಚಾರ್ಜರಿಗೆ ಹೋದರೆ ಮಾತ್ರ ಬೇರೆ ಲೆಕ್ಕ. ಕಳೆದ ಸಲ ಯೂನಿಟ್ಟಿಗೆ 21 ಕೊಟ್ಟೆ, ಕಾಫಿಯೂ ಅಲ್ಲೇ ಕುಡಿದೆ, ಅದು ಇನ್ನೂ ದುಬಾರಿ.

ಲೆಕ್ಕದ ಮೇಷ್ಟ್ರು:
ಪೆಟ್ರೋಲ್ ಕಾರಿಗಿಂತ ಎಷ್ಟು ಜಾಸ್ತಿ ಕೊಟ್ಟಿರಿ ಅಂತ ಹೇಳಲಿಲ್ಲ.

ಮೈಸೂರು ಮೇಡಂ:
4 ಲಕ್ಷ. ಮುಚ್ಚಿಟ್ಟಿಲ್ಲ.

ಲೆಕ್ಕದ ಮೇಷ್ಟ್ರು:
ತಿಂಗಳಿಗೆ 5,600 ಉಳಿಕೆ. 4 ಲಕ್ಷ ವಾಪಸ್ ಬರಲು 71 ತಿಂಗಳು. ಬಡ್ಡಿ ಬಿಟ್ಟು.

ಮೈಸೂರು ಮೇಡಂ:
ಆಯಿಲ್ ಬದಲಾವಣೆ ಇಲ್ಲ, ಕ್ಲಚ್ ಇಲ್ಲ. ಅದನ್ನೂ ಬರೆದುಕೊಳ್ಳಿ ಮೇಷ್ಟ್ರೇ.

ಸೈಕಲ್ ಸವಾರ:
ನನಗೊಂದು ಅರ್ಥ ಆಗಲಿಲ್ಲ. ಹದಿನೈದು ಲಕ್ಷದ ಕಾರು ಇರೋರಿಗೆ ಗೃಹಜ್ಯೋತಿ ಯಾಕೆ?

ಮೈಸೂರು ಮೇಡಂ:
ನಾನು ತೆರಿಗೆ ಕಟ್ಟುತ್ತೇನೆ ಸರ್. ಯೋಜನೆ ಎಲ್ಲರಿಗೂ ಅಂತ ಕೊಟ್ಟರು, ತಗೊಂಡೆ. ಈಗ ಸಿಗುತ್ತಲೂ ಇಲ್ಲ. ನಿಮಗೆ ಸಮಾಧಾನ ಆಯ್ತಾ?

ಹನ್ನೆರಡರ ಮಾಡೆಲ್:
ಮುಖ್ಯ ವಿಷಯ ಯಾರೂ ಎತ್ತಲೇ ಇಲ್ಲ. ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ಟು, ಎಥೆನಾಲ್! ನನ್ನದು 2012ರ ಪೆಟ್ರೋಲ್ ಕಾರು. ಹದಿಮೂರು ವರ್ಷದ ಲೆಕ್ಕ ಇದೆ. ಎಂದೂ 16ಕ್ಕಿಂತ ಕೆಳಗೆ ಬಂದದ್ದಿಲ್ಲ, 20% ಬೆರೆಸಿದ ಮೇಲೆ 14.8. ಪೆಟ್ರೋಲ್ ಪೈಪಿನ ರಬ್ಬರ್ ಉಬ್ಬಿ ಒಂದು ದಿನ ಯಶವಂತಪುರದಲ್ಲಿ ನಿಂತೇ ಹೋಯಿತು. ಟೋಯಿಂಗ್ 1,500, ಪೈಪು ಮತ್ತು ಕೂಲಿ 1,850, ಆಫೀಸಿಗೆ ಅರ್ಧ ದಿನ ರಜೆ. ಬೆರೆಸಿದ ಪೆಟ್ರೋಲಿಗೆ ಬೆಲೆಯಾದರೂ ಕಡಿಮೆ ಮಾಡಿದರಾ?

ಲೆಕ್ಕದ ಮೇಷ್ಟ್ರು:
ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ. ನಿಜ. ಆದರೆ ಮೊದಲೇ 10% ಇತ್ತು. ಅದು 20 ಆದದ್ದಕ್ಕೆ ಮೂರೂವರೆ ಶೇಕಡಾ ಇಳಿಯಬಹುದು. ನೀವು ಹೇಳುತ್ತಿರುವುದು ಏಳೂವರೆ. ಉಳಿದದ್ದು ಇಂಜಿನ್ ವಯಸ್ಸು, ಇಲ್ಲವೇ ನಿಮ್ಮ ಬಲಗಾಲು.

ಹನ್ನೆರಡರ ಮಾಡೆಲ್:
ಬಲಗಾಲಿನ ಮಾತು ಬೇಡ. ಹದಿಮೂರು ವರ್ಷದಿಂದ ಅದೇ ಕಾಲು.

ಮದ್ದೂರು ಗೌಡ:
ಎಲ್ಲರೂ ಎಥೆನಾಲ್ ಬೈಯ್ತೀರಿ. ಅದಕ್ಕೆ ಕಬ್ಬು ಬೆಳೆಯೋರು ನಾವು. ಕಾರ್ಖಾನೆ ಬಿಲ್ ತಡ ಆದರೆ ನಿಮಗೆ ಗೊತ್ತಾಗಲ್ಲ, ಒಂದು ಕಿಲೋಮೀಟರ್ ಕಮ್ಮಿ ಆದರೆ ಊರೆಲ್ಲ ಕೂಗು.

ತಲಪಾಡಿ ಕಡೆಯವ:
ನಮ್ಮಲ್ಲಿ ಮೈಲೇಜ್ ಚರ್ಚೆಯೇ ಇಲ್ಲ ಮಾರಾಯ್ರೆ. ಗಡಿಯ ಆಚೆ ಕೇರಳದಲ್ಲಿ ಪೆಟ್ರೋಲ್ ಇನ್ನೂ ದುಬಾರಿ. ಕಾಸರಗೋಡಿನವರು ಬಂದು ಈಚೆ ಟ್ಯಾಂಕ್ ತುಂಬಿಸಿಕೊಂಡು ಹೋಗ್ತಾರೆ. ಭಾನುವಾರ ಬಂಕಿನಲ್ಲಿ ಕ್ಯೂ ನೋಡಬೇಕು, ನಮಗೇ ಜಾಗ ಇಲ್ಲ.

ಹುಬ್ಬಳ್ಳಿ ರಿಟೈರ್ಡ್:
ಇಲ್ಲಿ ಅರ್ಧ ಜನರ ಲೆಕ್ಕವೇ ತಪ್ಪು. ಡ್ಯಾಶ್‌ಬೋರ್ಡ್ ತೋರಿಸುವ ನಂಬರ್ ನಂಬಬೇಡಿ. ನನ್ನ ಕಾರು 18.2 ತೋರಿಸುತ್ತದೆ, ಟ್ಯಾಂಕ್ ತುಂಬಿಸಿ ನೋಡಿದರೆ 16.7. ಒಂದೇ ಬಂಕ್, ಒಂದೇ ಪಂಪ್. ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಬೇಕು, ಮೇಲೆ ರೌಂಡ್ ಫಿಗರ್ ಮಾಡಿಸಬಾರದು. ಕಿ.ಮೀ. ಬರೆದುಕೊಂಡು ಮುಂದಿನ ಸಲವೂ ಹಾಗೇ. ಮೂರು ಟ್ಯಾಂಕ್ ಆದ ಮೇಲೆ ಮಾತಾಡಿ. ಅಳತೆಯ ಮೇಲೆ ಅನುಮಾನ ಬಂದರೆ ಬಂಕಿನಲ್ಲಿ ಐದು ಲೀಟರ್ ಮಾಪು ಇರುತ್ತದೆ, ಕೇಳಿದರೆ ಹಿಡಿದು ತೋರಿಸಬೇಕು. ನಾನು ಒಂದು ಕಡೆ ಕೇಳಿದೆ. ಹುಡುಗ ಮ್ಯಾನೇಜರ್ ಕರೆದ, ಮ್ಯಾನೇಜರ್ ಕೀಲಿ ಹುಡುಕಲು ನಲವತ್ತು ನಿಮಿಷ. ನಾನೂ ಕದಲಲಿಲ್ಲ. ಅಳೆದರು, ಸರಿಯಾಗೇ ಇತ್ತು. ನೆಲಮಂಗಲದವರೇ, ಕಿಟ್ ಆಮೇಲೆ. ಮೊದಲು ಟೈರಿನ ಗಾಳಿ ನೋಡಿಸಿ.

ಗ್ಯಾಸ್ ಗುರು:
ಗಾಳಿ ಹಿಡಿಸಿದರೆ 13.5 ಹೋಗಿ 24 ಆಗುತ್ತದಾ ಸರ್?

ಡೀಸೆಲ್ ಮಾಡಿ ಕೆಟ್ಟವನು:
24 ಕೆಜಿಗೆ, ಲೀಟರಿಗಲ್ಲ. ಕೆಜಿ, ಲೀಟರ್ ಬೆರೆಸಿ ಜನರನ್ನು ಹಳ್ಳಕ್ಕೆ ತಳ್ಳಬೇಡಿ.

ಗ್ಯಾಸ್ ಗುರು:
ಕೆಜಿಗೆ ಅಂತಲೇ ಬರೆದಿದ್ದೇನೆ. ಮೇಲೆ ಓದಿ. ಶನಿವಾರ ದೇವನಹಳ್ಳಿಗೆ ಹೋಗುವಾಗ ಬೇಕಾದಷ್ಟು ಟೈಮ್ ಇರುತ್ತದಲ್ವಾ?

ನೆಲಮಂಗಲದವನು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಬರುತ್ತಾ ಪಂಕ್ಚರ್ ಅಂಗಡಿಯಲ್ಲಿ ಗಾಳಿ ನೋಡಿಸಿದೆ. ಇರಬೇಕಾದ್ದು 33. ಎಡಗಡೆ ಎರಡೂ 23, ಬಲಗಡೆ 27. ಅಂಗಡಿಯವನು ಗೇಜ್ ನೋಡಿ, ನನ್ನ ಮುಖ ನೋಡಿ, ಮತ್ತೆ ಗೇಜ್ ನೋಡಿದ. ನೈಟ್ರೋಜನ್ ಹಾಕಿಸಿ ಅಂದ, ಟೈರಿಗೆ 50. ಹಾಕಿಸಿದೆ. ಸಿಎನ್‌ಜಿ ಬಗ್ಗೆ ಇನ್ನೂ ಗೊಂದಲ ಇದೆ.

ಲೆಕ್ಕದ ಮೇಷ್ಟ್ರು:
ನೈಟ್ರೋಜನ್ನಾ? ಉಸಿರಾಡುವ ಗಾಳಿಯಲ್ಲೇ 78% ನೈಟ್ರೋಜನ್ ಇದೆ. 200 ರೂಪಾಯಿ ನೀರಿಗೆ ಹಾಕಿದಿರಿ.

ಹನ್ನೆರಡರ ಮಾಡೆಲ್:
ನಾನು ಏಳು ವರ್ಷದಿಂದ ನೈಟ್ರೋಜನ್ನೇ ಹಾಕಿಸುತ್ತಿದ್ದೇನೆ. ಗಾಳಿ ಬೇಗ ಇಳಿಯಲ್ಲ.

ಲೆಕ್ಕದ ಮೇಷ್ಟ್ರು:
ಮೈಲೇಜ್ ಮಾತ್ರ ಇಳಿಯುತ್ತದೆ.

ಹುಬ್ಬಳ್ಳಿ ರಿಟೈರ್ಡ್:
ನೆಲಮಂಗಲದವರೇ, ಸಂಜೆ ಅಂದಿರಿ. ಮೂವತ್ತು ಕಿ.ಮೀ. ಓಡಿಸಿ ಬಿಸಿ ಟೈರಿಗೆ 33 ಹಿಡಿಸಿದಿರಾ? ಹಾಗಾದರೆ ಬೆಳಗ್ಗೆ ತಣ್ಣಗಿದ್ದಾಗ ಇನ್ನೊಂದು ಸಲ ನೋಡಿಸಿ.