ಗಿರಿಯಲ್ಲಿ ಕುಡಿದ ಕಾಫಿ ದಾವಣಗೆರೆಯಲ್ಲಿ ಯಾಕೆ ಸಪ್ಪೆ?

ಲೆಕ್ಕದ ಟೀಚರ್, ದಾವಣಗೆರೆ

ಜನವರಿಯಲ್ಲಿ ಬಾಬಾಬುಡನ್‌ಗಿರಿ ತಪ್ಪಲಿನ ಒಂದು ತೋಟದ ಮನೆಯಲ್ಲಿ ಎರಡು ದಿನ ಇದ್ದೆವು. ಕುಯ್ಲು ನಡೆಯುತ್ತಿತ್ತು, ಕಣದ ತುಂಬಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದ, ಒಳಸಿಪ್ಪೆ ಇರುವ ಕಾಫಿ ಬೀಜ) ಹರವಿದ್ದರು. ಬೆಳಿಗ್ಗೆ ತೋಟದವರು ಹಾಲು, ಸಕ್ಕರೆ ಏನೂ ಹಾಕದ ಕಾಫಿ ಕೊಟ್ಟರು. ಬೇಡ ಅನ್ನಲಾಗದೆ ಲೋಟ ತೆಗೆದುಕೊಂಡೆ, ನಿಜ ಹೇಳಬೇಕೆಂದರೆ.

ಮೊದಲ ಗುಟುಕಿನಲ್ಲಿ ಬರೀ ಬಿಸಿ. ಸ್ವಲ್ಪ ಆರಿದ ಮೇಲೆ ಗೊತ್ತಾಯಿತು ನೋಡಿ. ಹುಣಸೆ ಚಿಗಳಿ! ಹುಣಸೆಹಣ್ಣು, ಬೆಲ್ಲ ಕುಟ್ಟಿ ಕಡ್ಡಿಗೆ ಮೆತ್ತಿಕೊಂಡು ಚೀಪುತ್ತಾ ಶಾಲೆಗೆ ಹೋಗುತ್ತಿದ್ದೆವಲ್ಲ, ಅದೇ. ಉಪ್ಪು, ಜೀರಿಗೆ ಮಾತ್ರ ಇರಲಿಲ್ಲ. ನುಂಗಿದ ಮೇಲೂ ನಾಲಿಗೆಯ ಅಂಚಿನಲ್ಲಿ ಆ ಹುಳಿ ತುಂಬಾ ಹೊತ್ತು ಇತ್ತು.

ಅಲ್ಲೇ ಹುರಿದ ಬೀಜ ಅರ್ಧ ಕೆಜಿ ತಂದೆ. ಪ್ಯಾಕೆಟ್ ಮೇಲೆ ಎಸ್ 795 (ತಳಿಯ ಹೆಸರು), ವಾಷ್ಡ್ (ತಿರುಳು ತೊಳೆದು ಒಣಗಿಸಿದ್ದು), ಮೀಡಿಯಂ ರೋಸ್ಟ್ ಅಂತ ಇದೆ. ಬೀರೂರಿನಿಂದ ರೈಲಿನಲ್ಲಿ ಬರುವಾಗ ಬ್ಯಾಗ್ ತೆಗೆದರೆ ಸಾಕು, ಸುತ್ತ ಕೂತವರೆಲ್ಲ ತಿರುಗಿ ನೋಡುತ್ತಿದ್ದರು. ಮನೆಗೆ ಬಂದು ಮಾಡಿದರೆ ಚಿಗಳಿ ಮಾಯ. ಸೀಮೆಸುಣ್ಣ ತೊಳೆದ ನೀರಿನ ಹಾಗಿದೆ. (ಇಪ್ಪತ್ತು ವರ್ಷ ಬೋರ್ಡ್ ಮುಂದೆ ನಿಂತವಳು, ಆ ರುಚಿ ನನಗೆ ಗೊತ್ತು.)

ಕೈಯಲ್ಲಿ ತಿರುಗಿಸುವ ಗ್ರೈಂಡರ್. 15 ಗ್ರಾಂ ಪುಡಿಗೆ 240 ಮಿಲಿ ನೀರು, ಪೇಪರ್ ಫಿಲ್ಟರ್. ತೂಕದಲ್ಲಿ ತಪ್ಪಿಲ್ಲ, ಅದರ ಬಗ್ಗೆ ಚರ್ಚೆ ಬೇಡ. ಅತ್ತೆ ಒಂದು ಗುಟುಕು ಕುಡಿದು "ಕಷಾಯಕ್ಕೆ ಶುಂಠಿ ಮರೆತೆಯಾ?" ಅಂದರು. ಬೀಜ ಕೆಟ್ಟಿದೆಯಾ, ನನ್ನ ಕೈ ಕೆಟ್ಟಿದೆಯಾ?

ಕಾಳುಮೆಣಸು, ಮೂಡಿಗೆರೆ

ನಿಮ್ಮ ನಾಲಿಗೆ ಸರಿಯಾಗಿದೆ ಮೇಡಂ. 795ಕ್ಕೆ ಹುಣಸೆ, ಬೆಲ್ಲ ಅಂತ ಹೇಳುವವರು ನೀವೇ ಮೊದಲಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ಮಾಡಿದ ತಳಿ ಇದು, ಎಸ್ 288, ಕೆಂಟ್ ಅನ್ನುವ ಎರಡು ಹಳೆಯ ಕಾಫಿ ತಳಿಗಳ ಕ್ರಾಸ್. ನಮ್ಮಪ್ಪನ ಕಾಲದ ಗಿಡಗಳು ನಮ್ಮಲ್ಲಿ ಇನ್ನೂ ಇವೆ. ಕಾಂಡ ಕೊರಕಕ್ಕೆ ಸಾಲು ಸಾಲಾಗಿ ಹೋದವು, ಆದರೂ ಕಾಫಿಯ ರುಚಿ ನೋಡಿ ಪೂರ್ತಿ ಕೀಳಲು ಮನಸ್ಸು ಬರುವುದಿಲ್ಲ. ಗಿರಿಯ ಎತ್ತರದಲ್ಲಿ ತಂಪಿಗೆ ಹಣ್ಣು ನಿಧಾನ ಮಾಗುತ್ತದೆ, ಹುಳಿ ಚೆನ್ನಾಗಿ ನಿಲ್ಲುತ್ತದೆ. ನಮ್ಮ ಕಡೆ ತಗ್ಗಿನ ತೋಟದಲ್ಲಿ ಅಷ್ಟು ಬರುವುದಿಲ್ಲ.

ಬೀಜ ಇಷ್ಟು ಬೇಗ ಕೆಡುವುದಿಲ್ಲ. ನಿಮ್ಮ ಕೆಟಲ್ ತಳ ನೋಡಿ ಹೇಳಿ. ಬಿಳಿ ಪೊರೆ ಕಟ್ಟಿದೆಯಾ?

ಫಿಫ್ಟಿ ಫಿಫ್ಟಿ, ಹರಿಹರ

ಸುಮ್ನೆ ಯಾಕೆ ಇಷ್ಟು ಕಷ್ಟ? ಚಿಕೋರಿ ಹಾಕಿ, ಗಟ್ಟಿ ಹಾಲು ಹಾಕಿ. ಬೋರ್ ನೀರಾದರೇನು, ಹೊಳೆ ನೀರಾದರೇನು, ಒಂದೇ ರುಚಿ. ಬೆಣ್ಣೆ ದೋಸೆ ತಿಂದ ಬಾಯಿಗೆ ಹುಣಸೆ ಕಾಫಿ ಕೊಟ್ಟರೆ ದೋಸೆಗೆ ಅವಮಾನ ಅಲ್ವಾ?

ಏಳು ಸುತ್ತು, ಚಿತ್ರದುರ್ಗ

ಹರಿಹರದವರು ತಮಾಷೆಗೆ ಹೇಳಿದರೂ ಅದರಲ್ಲಿ ಉತ್ತರ ಇದೆ. ನೀರಿನ ತಪ್ಪನ್ನು ಚಿಕೋರಿ ಮುಚ್ಚುತ್ತದೆ, ಬರೀ ಕಾಫಿ ಮುಚ್ಚುವುದಿಲ್ಲ. ನಮ್ಮ ಮನೆಯಲ್ಲೂ ಇದೇ ಕಥೆ. ನಲ್ಲಿಯಲ್ಲಿ ಶಾಂತಿಸಾಗರ ಕೆರೆಯ ನೀರು ಬಂದ ದಿನ ಒಂದು ಕಾಫಿ, ಬೋರ್ ಹಾಕಿದ ದಿನ ಇನ್ನೊಂದು ಕಾಫಿ.

ಗಡಸು ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ. ಅದು ಕಾಫಿಯ ಹುಳಿಯನ್ನು ಹೊಡೆದು ಹಾಕುತ್ತದೆ. ಹೊಟ್ಟೆ ಉರಿಗೆ ಅಡುಗೆ ಸೋಡಾ ಬೆರೆಸಿದ ನೀರು ಕುಡಿದರೆ ಆಗುವುದೂ ಅದೇ. ನಿಮ್ಮ ಚಿಗಳಿಯ ಜೀವವೇ ಹುಳಿ, ಅದು ಹೋದರೆ ಇನ್ನೇನು ಉಳಿಯಿತು? ಹಾಗಂತ ಬರೀ ಆರ್‌ಒ ನೀರು ಹಾಕಬೇಡಿ. ಅದರಲ್ಲಿ ಲವಣ ತೀರಾ ಕಡಿಮೆ, ಕಾಫಿ ತೆಳ್ಳಗೆ ಚುಚ್ಚುತ್ತದೆ. ಕಾಫಿಗೆ ಲೀಟರ್‌ಗೆ 150 ಮಿಲಿಗ್ರಾಂ ಆಸುಪಾಸು ಲವಣ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಮೀಟರ್ ಎಲ್ಲ ಬೇಡ. ನಾನು ಮೂರು ಪಾಲು ಆರ್‌ಒಗೆ ಒಂದು ಪಾಲು ಬೋರ್ ನೀರು ಬೆರೆಸುತ್ತೇನೆ. ಇಲ್ಲದಿದ್ದರೆ ರಾತ್ರಿ ನೀರು ಹತ್ತು ನಿಮಿಷ ಕುದಿಸಿಡಿ. ಬೆಳಿಗ್ಗೆಗೆ ಸುಣ್ಣ ತಳಕ್ಕೆ ಕೂತಿರುತ್ತದೆ, ಮೇಲಿನ ತಿಳಿ ಬಗ್ಗಿಸಿಕೊಳ್ಳಿ.

ಯಾವುದು ಸರಿ ಅಂತ ನೋಡಲು ಪೇಪರ್ ಫಿಲ್ಟರ್ ಬಿಡಿ. ಪುಡಿ ಬನ್ಸಿ ರವೆಯಷ್ಟು ದಪ್ಪ ಇರಲಿ. ಒಂದೊಂದು ಲೋಟಕ್ಕೆ 8 ಗ್ರಾಂ, 150 ಮಿಲಿ ನೀರು. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಮೂಗು ಹತ್ತಿರ ಹಿಡಿದು ಮೇಲೆ ಕಟ್ಟಿದ ಪುಡಿಯನ್ನು ಚಮಚದಲ್ಲಿ ಸರಿಸಿ. ಅರ್ಧ ಸುಖ ಅಲ್ಲೇ ಇದೆ. ನೊರೆ ತೆಗೆದು, ಆರಲು ಬಿಟ್ಟು, ಚಮಚದಿಂದ ಸುರ್ ಅಂತ ಹೀರಿ. ಸದ್ದಿಗೆ ನಾಚಿಕೆ ಬೇಡ.

ಲೆಕ್ಕದ ಟೀಚರ್, ದಾವಣಗೆರೆ

ಕೆಟಲ್ ತಳದಲ್ಲಿ ಗೋಡೆಗೆ ಬಳಿಯುವಷ್ಟು ಸುಣ್ಣ ಇತ್ತು!

ಭಾನುವಾರ ನಾಲ್ಕು ಸ್ಟೀಲ್ ಲೋಟ ಇಟ್ಟೆ. ಬೋರ್, ಬರೀ ಆರ್‌ಒ, ಬೆರಕೆ, ಕುದಿಸಿದ ತಿಳಿ. ಯಾವುದು ಯಾವುದು ಅಂತ ಮಗಳು ತಳದಲ್ಲಿ ಚೀಟಿ ಅಂಟಿಸಿದಳು, ನನಗೆ ತೋರಿಸಲಿಲ್ಲ. ಬೋರ್ ನೀರಿನದು ವಾಸನೆಯಲ್ಲೇ ಸಿಕ್ಕಿಬಿತ್ತು. ಆರ್‌ಒದ್ದು ಎಳೆ ಮಾವಿನಕಾಯಿಯ ಹಾಗೆ, ಹುಳಿ ಇದೆ, ಹಿಂದೆ ಏನೂ ಇಲ್ಲ. ಬೆರಕೆ ಪರವಾಗಿಲ್ಲ. ಕುದಿಸಿದ ತಿಳಿ ಬಿಸಿಯಲ್ಲಿ ಏನೂ ಹೇಳಲಿಲ್ಲ, ಹತ್ತು ನಿಮಿಷ ಆದ ಮೇಲೆ ಮೊದಲು ಬೆಲ್ಲ, ಹಿಂದೆಯೇ ಹುಣಸೆ. ಗಿರಿಯಲ್ಲಿ ಇದ್ದಷ್ಟು ಇಲ್ಲ. ಮುಕ್ಕಾಲು ಪಾಲು ಅನ್ನಬಹುದು.

ಅತ್ತೆಗೂ ಕೊಟ್ಟೆ. "ಹುಳಿ ಬಂದಿದೆ, ಹಾಲು ಒಡೆದಿದೆಯಾ ನೋಡು" ಅಂದರು. ಹಾಲೇ ಹಾಕಿರಲಿಲ್ಲ. ಅವರಿಗೆ ಹರಿಹರದವರ ಕಾಫಿಯೇ ಸರಿ.

ಪ್ರಯೋಗದಲ್ಲೇ ಬೀಜ ಜಾಸ್ತಿ ಖರ್ಚಾಯಿತು. ಡಬ್ಬದಲ್ಲಿ 90 ಗ್ರಾಂ ಉಳಿದಿದೆ, ಅಂದರೆ ಆರು ಲೋಟ. ಶನಿವಾರ ಅರ್ಧ ದಿನ ಶಾಲೆ, ಆವತ್ತು ಮಧ್ಯಾಹ್ನಕ್ಕೆ ಮಾತ್ರ ಅಂತ ಎತ್ತಿಟ್ಟಿದ್ದೇನೆ.